ಗುಬ್ಬಿ ಸತ್ತ ಮೇಲೆ

ನಮ್ಮ ಆಟದಲ್ಲಿ ಮೊದಲು ಸತ್ತ ಪಾತ್ರ ಗುಬ್ಬಿ. ಲೆವೆಲ್ 5ರ ರೋಗ್, ಅಂದರೆ ಕಳ್ಳಿ, ಬೀಗ ತೆಗೆಯುವುದರಲ್ಲಿ ಎತ್ತಿದ ಕೈ. ಟ್ರೋಲ್ ಎಂಬ ದೈತ್ಯನ ಹೊಡೆತಕ್ಕೆ ಅವಳ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಸೊನ್ನೆಗೆ ಇಳಿಯಿತು. ನಾವು ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ಬರೂ ಒಂದು ಪಾತ್ರವಾಗಿ ಕಥೆ ಕಟ್ಟುತ್ತ ಆಡುವ ಆಟ, ಅದರ 2014ರ ಐದನೇ ಆವೃತ್ತಿ. ಅದರಲ್ಲಿ ನೆಲಕ್ಕೆ ಬಿದ್ದವರು ತಮ್ಮ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ಡೈಸ್ ಉರುಳಿಸಬೇಕು. 10ಕ್ಕಿಂತ ಕಡಿಮೆ ಬಂದರೆ ಒಂದು ಸೋಲು, ಮೂರು ಸೋಲಿಗೆ ಸಾವು, 1 ಬಂದರೆ ಅದೊಂದೇ ಎರಡು ಸೋಲಿಗೆ ಸಮ. ಗುಬ್ಬಿಗೆ ಮೊದಲು 7 ಬಂತು, ಆಮೇಲೆ 1. ನಮ್ಮ ಕ್ಲೆರಿಕ್, ಅಂದರೆ ಪುರೋಹಿತೆಯ ಪಾತ್ರದ ಹತ್ತಿರ ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರವೇನೋ ಇತ್ತು. ಆದರೆ ಅದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತ ಒಂದು ನಿಮಿಷದೊಳಗೆ ಹಾಕಬೇಕು. ವಜ್ರ ಯಾರ ಚೀಲದಲ್ಲೂ ಇರಲಿಲ್ಲ.

ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸುವ ಡಂಜನ್ ಮಾಸ್ಟರ್, ನಾನು. ಗುಬ್ಬಿಯನ್ನು ಆಡುತ್ತಿದ್ದವಳು ನನ್ನ ಚಿಕ್ಕಮ್ಮನ ಮಗಳು. ಹೊಸ ಪಾತ್ರ ಲೆವೆಲ್ 1ರಿಂದಲೇ ಶುರುವಾಗಲಿ ಎಂದುಬಿಟ್ಟೆ. ಉಳಿದ ಮೂವರು ಕಷ್ಟಪಟ್ಟು ಗಳಿಸಿದ್ದನ್ನು ಇವಳಿಗೆ ಸುಮ್ಮನೆ ಕೊಟ್ಟರೆ ಸಾವಿಗೆ ಬೆಲೆ ಎಲ್ಲಿ ಉಳಿಯುತ್ತದೆ ಎಂಬುದು ನನ್ನ ವಾದ. ಲೆಕ್ಕವನ್ನೂ ಮಾಡಿ ತೋರಿಸಿದ್ದೆ. ಲೆವೆಲ್ 5ಕ್ಕೆ 6,500 ಎಕ್ಸ್‌ಪಿ (ಅನುಭವದ ಅಂಕ) ಬೇಕು, ಲೆವೆಲ್ 6ಕ್ಕೆ 14,000. ಉಳಿದವರು 5ರಿಂದ 6ಕ್ಕೆ ಹೋಗುವಷ್ಟರಲ್ಲಿ ಇವಳ ಪಾಲಿಗೂ 7,500 ಬರುತ್ತದೆ, ಅಂದರೆ ಆಗಲೇ ಲೆವೆಲ್ 5. ಒಂದು ಟ್ರೋಲ್ ಕೊಂದರೆ 1,800 ಎಕ್ಸ್‌ಪಿ, ನಾಲ್ವರಿಗೆ ಹಂಚಿದರೆ ತಲಾ 450. ಲೆವೆಲ್ 2ಕ್ಕೆ 300 ಸಾಕು.

ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿಯವರೆಗೆ ಬದುಕಿರಬೇಕಲ್ಲ ಎನ್ನುವುದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಅವಳ ಹೊಸ ಪಾತ್ರ ವಿಝಾರ್ಡ್, ಅಂದರೆ ಮಾಂತ್ರಿಕ; ಅವನಿಗೆ 8 ಹಿಟ್ ಪಾಯಿಂಟ್, ಪಕ್ಕದಲ್ಲಿ ನಿಂತ ಫೈಟರ್‌ಗೆ, ಅಂದರೆ ಯೋಧನಿಗೆ, 49. ಮುಂದಿನ ಭಾನುವಾರ ಎದುರಾಳಿ ಮಂತ್ರವಾದಿ ಫೈರ್‌ಬಾಲ್ ಎಂಬ ಬೆಂಕಿಯುಂಡೆ ಎಸೆದ. ಎಂಟು ಡೈಸ್ ಸೇರಿ 26. ಫೈಟರ್ ಕೂದಲು ಕೊಡವಿಕೊಂಡು ನಿಂತ. ವಿಝಾರ್ಡ್ ಸೊನ್ನೆಗಿಳಿದ ಮೇಲೂ 18 ಪೆಟ್ಟು ಮಿಕ್ಕಿತ್ತು. ಮಿಕ್ಕ ಪೆಟ್ಟು ಪಾತ್ರದ ಒಟ್ಟು ಹಿಟ್ ಪಾಯಿಂಟ್‌ಗೆ ಸಮವಾದರೂ ಸಾಕು, ಡೈಸ್ ಉರುಳಿಸುವ ಅವಕಾಶವೂ ಇಲ್ಲದೆ ಆಗಲೇ ಸಾವು.

ಆಟ ಶುರುವಾಗಿ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಕೆಂಗೇರಿಯಿಂದ ಬಸ್ಸು ಹಿಡಿದು ಬಂದಿದ್ದ ಹುಡುಗಿ ಡೈಸ್ ಚೀಲದ ದಾರ ಎಳೆದು ಕಟ್ಟಿದಳು. "ಅಣ್ಣಾ, ಸತ್ತಿದ್ದು ಗುಬ್ಬಿ. ಶಿಕ್ಷೆ ನನಗ್ಯಾಕೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅವತ್ತು ಆಟ ಅಲ್ಲಿಗೇ ನಿಲ್ಲಿಸಿ, ಚಹಾ ಮಾಡಿಕೊಂಡು, ಐವರೂ ಕೂತು ನಿಯಮವನ್ನು ಹೊಸದಾಗಿ ಬರೆದೆವು.

ಲೆವೆಲ್ ವಿಷಯ ಎರಡು ನಿಮಿಷದಲ್ಲಿ ಮುಗಿಯಿತು: ಹೊಸ ಪಾತ್ರ ಎಲ್ಲರ ಲೆವೆಲ್‌ನಲ್ಲೇ ಬರುತ್ತದೆ. ಜಗಳ ಹತ್ತಿದ್ದು ಆಸ್ತಿಗೆ. ಸತ್ತವಳ ಮಾಯಾ ಕಠಾರಿ, ಹಣ ಎಲ್ಲ ಪಾರ್ಟಿಗೇ, ಅಂದರೆ ಪಾತ್ರಗಳ ತಂಡಕ್ಕೇ, ಉಳಿದು, ಹೊಸಬಳು ತನ್ನದೇ ಮಾಯಾ ವಸ್ತುಗಳ ಜೊತೆ ಬಂದರೆ ಪ್ರತಿ ಸಾವಿಗೂ ಪಾರ್ಟಿ ಶ್ರೀಮಂತವಾಗುತ್ತದೆ. ಇದು ನನಗೆ ಈಗಲೂ ಲೆವೆಲ್‌ಗಿಂತ ದೊಡ್ಡ ಪ್ರಶ್ನೆ. ಹೊಸಬರು ತಮ್ಮ ಕ್ಲಾಸ್‌ನ (ರೋಗ್, ಫೈಟರ್ ಥರದ ಪಾತ್ರದ ಬಗೆ) ಸಾಮಾನ್ಯ ಸರಂಜಾಮು ಮಾತ್ರ ತರಬೇಕು, ಸತ್ತವರ ಮಾಯಾ ವಸ್ತುಗಳಲ್ಲಿ ಒಂದನ್ನು ಪಾರ್ಟಿ ಅವರಿಗೆ ಕೊಡಬೇಕು, ಮಿಕ್ಕಿದ್ದೂ ಹಣವೂ ಸತ್ತವರ ಮನೆಗೆ ಹೋಗಬೇಕು ಎಂದು ತೀರ್ಮಾನಿಸಿದೆವು. ಗುಬ್ಬಿಗೆ ಬಂದರಿನ ಊರಲ್ಲಿ ತಾಯಿ ಇದ್ದಾಳೆಂದು ತಂಗಿ ಯಾವಾಗಲೋ ಹೇಳಿದ್ದಳು. ಆ ತಾಯಿಯ ಕೈಗೆ ಹಣ ಮುಟ್ಟಿಸಲು ಒಂದಿಡೀ ಸೆಷನ್ ಹಿಡಿಯಿತು. ಒಂದು ಕತ್ತಿಯೂ ಒರೆಯಿಂದ ಹೊರಬರಲಿಲ್ಲ, ಅಷ್ಟು ಒಳ್ಳೆಯ ಸೆಷನ್ ಅದಕ್ಕೆ ಮೊದಲು ನಾವು ಆಡಿರಲಿಲ್ಲ. ಬಾಗಿಲು ತೆಗೆದ ಗುಬ್ಬಿಯ ಅಕ್ಕ ನಮ್ಮ ಹೊಸ ಪಾತ್ರವಾದಳು. ಈ ಯೋಚನೆಯ ಬೀಜ ನನ್ನದಲ್ಲ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ತಂದ ಪೆಂಡ್ರಾಗನ್ ಆಟದಲ್ಲಿ ನೈಟ್ ಎಂಬ ವೀರಯೋಧ ಸತ್ತರೆ, ಮುದಿಯಾದರೆ, ಅವನ ವಾರಸುದಾರ ಮುಂದುವರಿಸುತ್ತಾನೆ.

ಸತ್ತ ದಿನ ಆಟಗಾರ ಸುಮ್ಮನೆ ಕೂರಬಾರದು ಎಂಬುದನ್ನೂ ಸೇರಿಸಿದೆವು. ಹೊಸ ಪಾತ್ರ ಸಿದ್ಧವಾಗುವವರೆಗೆ ಕೂಲಿಯಾಳೋ ದಾರಿ ತೋರಿಸುವವನೋ ಯಾರನ್ನಾದರೂ ಅವರ ಕೈಗೆ ಕೊಡುತ್ತೇನೆ.

ನಿವೃತ್ತಿಯ ನಿಯಮ ಬಂದದ್ದು ಮೂರು ತಿಂಗಳ ನಂತರ. ಫೈಟರ್ ಆಡುವ ಗೆಳೆಯ ಪ್ರತಿ ಕಾಳಗದಲ್ಲೂ ಒಬ್ಬನೇ ಮುನ್ನುಗ್ಗತೊಡಗಿದ. ಕ್ಲೆರಿಕ್‌ನ ಮಂತ್ರಗಳೆಲ್ಲ ಅವನನ್ನು ಎಬ್ಬಿಸುವುದಕ್ಕೇ ಖರ್ಚಾಗುತ್ತಿದ್ದವು. ಪಕ್ಕಕ್ಕೆ ಕರೆದು ಕೇಳಿದೆ. "ಬೇಜಾರಾಗಿದೆ ಕಣೋ. ಇವನು ಸತ್ತರೆ ಬೇರೆ ಯಾರನ್ನಾದರೂ ಆಡಬಹುದಲ್ವಾ?" ಸಾಯದೆ ಹೊರಗೆ ಹೋಗುವ ಬಾಗಿಲನ್ನೇ ನಾನು ಇಟ್ಟಿರಲಿಲ್ಲ.

ಈಗ ಬಾಗಿಲಿದೆ. ಒಂದು ಸೆಷನ್ ಮೊದಲು ಹೇಳಬೇಕು. ಪಾರ್ಟಿ ಊರು ಸೇರಿದಾಗ ಪಾತ್ರ ಬೀಳ್ಕೊಳ್ಳುತ್ತದೆ, ಹೋಗುವ ಕಾರಣವನ್ನು ಆಟಗಾರನೇ ಹೇಳುತ್ತಾನೆ. ಹೊಸ ಪಾತ್ರವನ್ನು ಕನಿಷ್ಠ ನಾಲ್ಕು ಸೆಷನ್ ಆಡಬೇಕು. ಇದನ್ನು ಕ್ಲೆರಿಕ್ ಆಡುವ ಗೆಳತಿ ಹಟ ಹಿಡಿದು ಸೇರಿಸಿದಳು, ಅವಳು ಹೇಳಿದ್ದು ಸರಿ. ಜೊತೆಗಾರರು ವಾರಕ್ಕೊಬ್ಬರು ಬದಲಾದರೆ ಅವಳ ಪಾತ್ರ ಯಾರನ್ನು ನಂಬಬೇಕು? ಇನ್ನೊಂದು ನಿಯಮ ನನ್ನನ್ನು ಕಟ್ಟಿಹಾಕುವಂಥದ್ದು. ನಿವೃತ್ತನಾದವನನ್ನು ಆ ಆಟಗಾರನ ಒಪ್ಪಿಗೆಯಿಲ್ಲದೆ ನಾನು ಕೊಲ್ಲುವಂತಿಲ್ಲ, ಖಳನಾಗಿಸುವಂತಿಲ್ಲ.

ಫೈಟರ್ ಕಣಿವೆಯ ಹಳ್ಳಿಯಲ್ಲಿ ಛತ್ರ ತೆರೆದ. ಕಳೆದ ತಿಂಗಳು ಪಾರ್ಟಿ ಅರ್ಧ ಜೀವವಾಗಿ, ಮಳೆಯಲ್ಲಿ, ಹಿಂದೆ ಬೆನ್ನಟ್ಟುವವರ ಪಂಜು ಕಾಣುತ್ತಿರುವಾಗ ಆ ಹಳ್ಳಿಗೆ ಬಂತು. ಗುಬ್ಬಿಯ ಅಕ್ಕ ಛತ್ರದ ಬಾಗಿಲು ಬಡಿದಳು. ನಾನು ಮಾತಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಗೆಳೆಯ ತನ್ನ ಹೊಸ ಪಾತ್ರವಾದ ಬಾರ್ಡ್‌ನ (ಹಾಡುಗಾರನ) ಹಾಳೆಯನ್ನು ಮಗುಚಿಟ್ಟು, "ಒಂದ್ನಿಮಿಷ ಇರು, ಅವನ ಮಾತು ನಾನೇ ಆಡ್ತೀನಿ" ಅಂದ.