ಹುಡುಗನದೋ ಹುಡುಗರದೋ: ಇಂಗ್ಲಿಷ್‌ನಲ್ಲಿ ಅಪಾಸ್ಟ್ರಫಿ ಹಾಕುವುದು ಹೇಗೆ?

ಹಾಸ್ಟೆಲ್ಲಿನ ಬೋರ್ಡಿನ ಮೇಲೆ “ಬಾಯ್’ಸ್ ಹಾಸ್ಟೆಲ್” ಎಂದಿದ್ದರೆ ಅದು ಒಬ್ಬನೇ ಹುಡುಗನ ಹಾಸ್ಟೆಲ್. “ಬಾಯ್ಸ್’ ಹಾಸ್ಟೆಲ್” ಎಂದಿದ್ದರೆ ಹುಡುಗರದು. ಬಾಯಲ್ಲಿ ಹೇಳಿದರೆ ಎರಡೂ ಒಂದೇ. ಬರೆಯುವಾಗ ಮಾತ್ರ ಆ ಸಣ್ಣ ಗುರುತು, ಅಂದರೆ ಅಪಾಸ್ಟ್ರಫಿ, ಎಸ್ ಅಕ್ಷರಕ್ಕಿಂತ ಮೊದಲು ಬಂತೋ ಆಮೇಲೆ ಬಂತೋ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಈ ಲೇಖನದಲ್ಲಿ ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಇಂಗ್ಲಿಷ್ ಕಾಗುಣಿತದಲ್ಲಿ ಗುರುತು ಎಲ್ಲಿ ಬರುತ್ತದೋ ಇಲ್ಲಿಯೂ ಅಲ್ಲೇ ಇದೆ.

ಕನ್ನಡದ ಷಷ್ಠೀ ವಿಭಕ್ತಿ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಂತೆಯೇ. “ಹುಡುಗರ” ಎನ್ನುವಾಗ ನಾವು ಮೊದಲು “ಹುಡುಗರು” ಎಂದು ಬಹುವಚನ ಮಾಡಿಕೊಂಡು, ಆಮೇಲೆ “ಅ” ಪ್ರತ್ಯಯ ಹಚ್ಚುತ್ತೇವೆ. ಇಂಗ್ಲಿಷ್‌ನಲ್ಲೂ ಕ್ರಮ ಇದೇ. ಒಡೆಯನ ಪದ, ಅಂದರೆ ವಸ್ತು ಯಾರದೋ ಅವರನ್ನು ಹೇಳುವ ಪದ, ಮೊದಲು ಪೂರ್ತಿಯಾಗಬೇಕು, ಗುರುತು ಆಮೇಲೆ. ಹಳೆಯ ಇಂಗ್ಲಿಷ್‌ನಲ್ಲಿ ಎಷ್ಟೋ ನಾಮಪದಗಳಿಗೆ “ಇಎಸ್” ಎಂಬ ಷಷ್ಠೀ ಪ್ರತ್ಯಯವೇ ಇತ್ತು. ಅದರ “ಇ” ಸವೆದುಹೋಗಿ “ಎಸ್” ಉಳಿದುಕೊಂಡಿತು. ಅಪಾಸ್ಟ್ರಫಿ, ಹೀಗೆ ಬಿಟ್ಟುಹೋದ ಅಕ್ಷರದ ಜಾಗ ತೋರಿಸುವ ಗುರುತು.

ಹಂತ 1: ಒಡೆಯ ಯಾರು, ಎಷ್ಟು ಮಂದಿ?

ವಾಕ್ಯ ಬರೆಯುವ ಮೊದಲು ಒಡೆಯನ ಪದವನ್ನಷ್ಟೇ ಪಕ್ಕದಲ್ಲಿ ಬರೆದುಕೊಳ್ಳಿ. ಒಬ್ಬ ಶಿಕ್ಷಕಿ ಎಂದರೆ “ಟೀಚರ್”, ಹಲವರಾದರೆ “ಟೀಚರ್ಸ್”. ಮಕ್ಕಳು ಎಂದರೆ “ಚಿಲ್ಡ್ರನ್”. ಈ ಪದಕ್ಕೆ ಇನ್ನು ಮುಂದೆ ಕೈ ಹಚ್ಚುವ ಹಾಗಿಲ್ಲ.

ಹಂತ 2: ಕೊನೆಯಲ್ಲಿ ಬಹುವಚನದ ಎಸ್ ಇದೆಯೇ?

ಇದ್ದರೆ ಗುರುತು ಮಾತ್ರ ಸಾಕು: “ಟೀಚರ್ಸ್’ ರೂಮ್”, “ಪೇರೆಂಟ್ಸ್’ ಮೀಟಿಂಗ್”. ಇಲ್ಲದಿದ್ದರೆ ಗುರುತು ಮತ್ತು ಎಸ್ ಎರಡೂ ಬೇಕು: “ಟೀಚರ್’ಸ್ ಪೆನ್”, “ಚಿಲ್ಡ್ರನ್’ಸ್ ಪಾರ್ಕ್”, “ವಿಮೆನ್’ಸ್ ಕಾಲೇಜ್”, “ಪೀಪಲ್’ಸ್ ವಾಯ್ಸ್”. ಚಿಲ್ಡ್ರನ್, ಮೆನ್, ವಿಮೆನ್, ಪೀಪಲ್ ಇವು ಬಹುವಚನವಾದರೂ ಎಸ್ ಇಲ್ಲದವು. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ಹಂತ 3: ಬೆರಳಿಟ್ಟು ನೋಡಿ

ಬರೆದಾದ ಮೇಲೆ ಅಪಾಸ್ಟ್ರಫಿಯನ್ನೂ ಅದರ ಬಲಕ್ಕಿರುವುದನ್ನೂ ಬೆರಳಿನಿಂದ ಮುಚ್ಚಿ. ಎಡಕ್ಕೆ ಉಳಿದದ್ದು ಮೊದಲ ಹಂತದಲ್ಲಿ ನೀವು ಬರೆದುಕೊಂಡ ಪದವೇ ಆಗಿರಬೇಕು. “ಲೇಡೀ’ಸ್ ಟೇಲರ್” ಎಂಬ ಬೋರ್ಡನ್ನು ಹೀಗೆ ಮುಚ್ಚಿದರೆ ಎಲ್, ಎ, ಡಿ, ಐ, ಇ ಇಷ್ಟೇ ಉಳಿಯುತ್ತದೆ. ಅಂಥ ಪದ ಇಂಗ್ಲಿಷ್‌ನಲ್ಲಿ ಇಲ್ಲ, “ಲೇಡೀಸ್’” ಆಗಬೇಕಿತ್ತು. “ಚಿಲ್ಡ್ರನ್ಸ್’ ಡೇ” ಮುಚ್ಚಿದರೆ “ಚಿಲ್ಡ್ರನ್ಸ್” ಉಳಿಯುತ್ತದೆ, ಅದೂ ಇಲ್ಲ. ನವೆಂಬರ್ 14ರ ಬ್ಯಾನರ್ ಮೇಲೆ ಇರಬೇಕಾದದ್ದು “ಚಿಲ್ಡ್ರನ್’ಸ್ ಡೇ”, ಸೆಪ್ಟೆಂಬರ್ 5ರದ್ದರ ಮೇಲೆ “ಟೀಚರ್ಸ್’ ಡೇ”. “ಮದರ್’ಸ್ ಡೇ” ಮಾತ್ರ ಏಕವಚನ. ಅಮೆರಿಕದಲ್ಲಿ ಆ ಆಚರಣೆಗೆ ಕಾರಣರಾದ ಆನಾ ಜಾರ್ವಿಸ್ ಅದು ಏಕವಚನದಲ್ಲೇ ಇರಬೇಕೆಂದು ಹಟ ಹಿಡಿದಿದ್ದರು. ಅವರ ಲೆಕ್ಕದಲ್ಲಿ ಅದು ತಾಯಂದಿರೆಲ್ಲರ ದಿನವಲ್ಲ, ಮನೆಮನೆಯ ಒಬ್ಬೊಬ್ಬ ತಾಯಿಯ ದಿನ.

ಶ್ರೀನಿವಾಸ್, ಸುಹಾಸ್, ಥಾಮಸ್

ಹೆಸರೇ ಎಸ್‌ನಿಂದ ಮುಗಿದರೆ? ಇಲ್ಲಿ ಎರಡು ಸಂಪ್ರದಾಯಗಳಿವೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿಯಲ್ಲಿ ಗುರುತು ಮಾತ್ರ: “ಸುಹಾಸ್’ ಬೈಕ್”. ಪುಸ್ತಕ ಪ್ರಕಾಶಕರು ಹೆಚ್ಚಾಗಿ ಬಳಸುವ ಶಿಕಾಗೊ ಶೈಲಿಯಲ್ಲಿ ಗುರುತಿನ ಜೊತೆ ಇನ್ನೊಂದು ಎಸ್: “ಸುಹಾಸ್’ಸ್ ಬೈಕ್”. ಇಂಗ್ಲಿಷರೂ ಇದರಲ್ಲಿ ಒಮ್ಮತಕ್ಕೆ ಬಂದಿಲ್ಲ. ಲಂಡನ್ನಿನ ಉದ್ಯಾನ “ಸೇಂಟ್ ಜೇಮ್ಸ್’ಸ್ ಪಾರ್ಕ್”, ನ್ಯೂಕ್ಯಾಸಲ್‌ನ ಫುಟ್‌ಬಾಲ್ ಮೈದಾನ “ಸೇಂಟ್ ಜೇಮ್ಸ್’ ಪಾರ್ಕ್”. ಎರಡನೆಯ ಎಸ್ ಹಾಕುವುದೇ ಮೇಲು. ಮಾತಿನಲ್ಲಿ “ಸುಹಾಸಿಜ್” ಎಂದು ಅದು ಕೇಳಿಸುತ್ತದೆ. ಯಾವುದನ್ನೇ ಆರಿಸಿಕೊಳ್ಳಿ, ಒಂದು ಪತ್ರದೊಳಗೆ ಎರಡನ್ನೂ ಬೆರೆಸಬೇಡಿ.

ಉಚ್ಚಾರದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡಬೇಕು. ಕ್, ಟ್, ಪ್, ಫ್ ಆದಮೇಲೆ “ಸ್” (ದೀಪಕ್ಸ್). ಸ್, ಶ್, ಚ್, ಜ್ ಆದಮೇಲೆ “ಇಜ್” (ಗಣೇಶಿಜ್). ಸ್ವರಗಳು ಮತ್ತು ಮ್, ನ್, ಲ್ ಮುಂತಾದವುಗಳ ಮುಂದೆ “ಜ್” (ರವೀಜ್). ಬರವಣಿಗೆ ಮೂರಕ್ಕೂ ಒಂದೇ.

ಮೇಜಿನ ಕಾಲಿಗೆ ಬೇರೆ ದಾರಿ

ಕನ್ನಡದಲ್ಲಿ ಅಪ್ಪನ ಕಾಲಿಗೂ ಮೇಜಿನ ಕಾಲಿಗೂ ವಿಭಕ್ತಿ ಒಂದೇ. ಇಂಗ್ಲಿಷ್‌ಗೆ ಜೀವ ಇದೆಯೋ ಇಲ್ಲವೋ ಎಂಬ ಲೆಕ್ಕ ಬೇಕು. ಮನುಷ್ಯರು, ಪ್ರಾಣಿಗಳಿಗೆ ಅಪಾಸ್ಟ್ರಫಿ. ವಸ್ತುಗಳಿಗೆ ಬಹುಮಟ್ಟಿಗೆ “ಆಫ್” (“ದಿ ಎಂಡ್ ಆಫ್ ದಿ ರೋಡ್”), ಇಲ್ಲವೇ ಎರಡು ನಾಮಪದಗಳನ್ನು ಸುಮ್ಮನೆ ಪಕ್ಕಪಕ್ಕ ಇಡುವುದು (“ಟೇಬಲ್ ಲೆಗ್”, “ಕಾರ್ ಡೋರ್”). “ಟೇಬಲ್’ಸ್ ಲೆಗ್” ಎಂದರೆ ಅರ್ಥವಾಗದೆ ಇರುವುದಿಲ್ಲ, ಕಿವಿಗೆ ಮಾತ್ರ ಒಗ್ಗುವುದಿಲ್ಲ. ಊರು, ದೇಶ, ಸಂಸ್ಥೆಗಳು ಇದಕ್ಕೆ ಹೊರತು: “ಕರ್ನಾಟಕ’ಸ್ ರಿವರ್ಸ್”, “ದಿ ಕಂಪನಿ’ಸ್ ಪ್ರಾಫಿಟ್”. ಒಡೆಯನ ವಿವರ ಉದ್ದವಾದಾಗಲೂ “ಆಫ್” ಕಡೆಗೇ ಹೊರಳಿ. “ನಿನ್ನೆ ಬಂದಿದ್ದವರ ಮಗಳು” ಎಂಬುದನ್ನು ಅಪಾಸ್ಟ್ರಫಿಯಿಂದ ಕಟ್ಟಲು ಹೋದರೆ ವಾಕ್ಯ ಮುಗ್ಗರಿಸುತ್ತದೆ.

ಕನ್ನಡದಲ್ಲಿ “ಅಪ್ಪನ ಫೋಟೋ” ಎಂದರೆ ಅಪ್ಪ ಇರುವ ಫೋಟೋವೂ ಆಗಬಹುದು, ಅಪ್ಪನ ಸ್ವತ್ತಾದ ಫೋಟೋವೂ ಆಗಬಹುದು. ಇಂಗ್ಲಿಷ್ ಇವನ್ನು ಬಿಡಿಸಿ ಹೇಳಬಲ್ಲದು. “ಎ ಫೋಟೋ ಆಫ್ ಮೈ ಫಾದರ್” ಎಂದರೆ ಅದರೊಳಗೆ ಅಪ್ಪ ಇದ್ದಾರೆ. “ಎ ಫೋಟೋ ಆಫ್ ಮೈ ಫಾದರ್’ಸ್” ಎಂದರೆ ಅವರ ಬಳಿ ಇರುವವುಗಳಲ್ಲಿ ಒಂದು. ಅಂದಹಾಗೆ, ನಾವು “ನಮ್ಮಪ್ಪ” ಎನ್ನುತ್ತೇವೆಂದು ಅಲ್ಲಿ “ಅವರ್ ಫಾದರ್” ಎಂದು ಬರೆಯಬೇಡಿ. ಒಡಹುಟ್ಟಿದವರ ಪರವಾಗಿಯೂ ಮಾತಾಡುತ್ತಿಲ್ಲವಾದರೆ “ಮೈ ಫಾದರ್” ಸರಿ.

ರಜೆಯ ಅರ್ಜಿ

ಕಾಲಾವಧಿಗೂ ಷಷ್ಠಿ ಬರುತ್ತದೆ. “ಎರಡು ದಿನಗಳ ರಜೆ” ಎನ್ನುವ ಹಾಗೆಯೇ “ಟೂ ಡೇಸ್’ ಲೀವ್”. ಒಂದೇ ದಿನವಾದರೆ “ಒನ್ ಡೇ’ಸ್ ಲೀವ್”. ಕೆಲಸ ಬಿಡುವವರು “ಒನ್ ಮಂತ್’ಸ್ ನೋಟಿಸ್” ಅಥವಾ “ತ್ರೀ ಮಂತ್ಸ್’ ನೋಟಿಸ್” ಎಂದು ಬರೆಯಬೇಕು. ಅನುಮಾನವಿದ್ದರೆ ಇನ್ನೊಂದು ದಾರಿ: ಸಂಖ್ಯೆಗೂ ದಿನಕ್ಕೂ ನಡುವೆ ಅಡ್ಡಗೆರೆ ಹಾಕಿ ಎಸ್ ಬಿಟ್ಟುಬಿಡಿ, ಅಪಾಸ್ಟ್ರಫಿಯ ಗೊಡವೆಯೇ ಇಲ್ಲ: “ಎ ಟೂ-ಡೇ ಟ್ರಿಪ್”. ವಯಸ್ಸು ಹೇಳುವಾಗ, ಅಂದರೆ “ಟೆನ್ ಇಯರ್ಸ್ ಓಲ್ಡ್” ಎನ್ನುವಾಗ, ಯಾರ ಒಡೆತನವೂ ಇಲ್ಲದ್ದರಿಂದ ಗುರುತು ಬೇಡ.

ಇಬ್ಬರು ಒಡೆಯರಿದ್ದರೆ

ರವಿ ಮತ್ತು ಕಾವ್ಯ ಒಂದೇ ಮನೆಯಲ್ಲಿದ್ದರೆ ಗುರುತು ಕೊನೆಯ ಹೆಸರಿಗೆ ಮಾತ್ರ: “ರವಿ ಅಂಡ್ ಕಾವ್ಯ’ಸ್ ಹೌಸ್”. ಮನೆಗಳು ಬೇರೆ ಬೇರೆಯಾದರೆ ಇಬ್ಬರಿಗೂ: “ರವಿ’ಸ್ ಅಂಡ್ ಕಾವ್ಯ’ಸ್ ಹೌಸಸ್”. ಹಲವು ಪದಗಳು ಸೇರಿ ಒಬ್ಬನನ್ನು ಹೇಳುವಾಗಲೂ ಗುರುತು ಕೊನೆಗೇ ಬರುತ್ತದೆ. ಮಾವನ ಮನೆ “ಫಾದರ್-ಇನ್-ಲಾ’ಸ್ ಹೌಸ್”. ಬಹುವಚನದ ಎಸ್ ಮಾತ್ರ “ಫಾದರ್ಸ್-ಇನ್-ಲಾ” ಎಂದು ಮೊದಲ ಪದಕ್ಕೇ ಅಂಟುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಇನ್ನೊಂದು ತಪ್ಪು “ದಿ” ಸೇರಿಸುವುದು. “ದಿ ರವಿ’ಸ್ ಹೌಸ್” ತಪ್ಪು, “ದಿ ಟೀಚರ್’ಸ್ ಹೌಸ್” ಸರಿ. ಆ “ದಿ” ಮನೆಯದಲ್ಲ, ಒಡೆಯನದು. ರವಿ ಎಂಬ ಹೆಸರಿಗೆ “ದಿ” ಬೇಡ, ಟೀಚರ್‌ಗೆ ಬೇಕು.

ಗುರುತು ಹಾಕಲೇಬಾರದ ಕಡೆ

ಬರೀ ಬಹುವಚನಕ್ಕೆ ಅಪಾಸ್ಟ್ರಫಿ ಇಲ್ಲ. ಹೋಟೆಲ್ ಮೆನುವಿನಲ್ಲಿ “ಜ್ಯೂಸ್’ಸ್”, “ಮೀಲ್’ಸ್” ಎಂದು ಬರೆದರೆ ಊಟದ ಬಳಿ ಏನೋ ಇದೆ ಎಂದಾಗುತ್ತದೆ. ಬ್ರಿಟನ್ನಿನಲ್ಲೂ ಈ ಚಾಳಿ ಎಷ್ಟಿದೆಯೆಂದರೆ ಅದಕ್ಕೆ “ತರಕಾರಿ ಅಂಗಡಿಯವನ ಅಪಾಸ್ಟ್ರಫಿ” ಎಂಬ ಹೆಸರೇ ಬಿದ್ದಿದೆ. ಮನೆಯ ನಾಮಫಲಕದಲ್ಲಿ ಪಾಟೀಲ ಕುಟುಂಬ ಎನ್ನಲು “ದಿ ಪಾಟೀಲ್ಸ್” ಸಾಕು. ಕಂಪನಿ ಮತ್ತು ಸ್ಥಳಗಳ ಹೆಸರಿಗೆ ತರ್ಕ ಹಚ್ಚಬೇಡಿ, ಅವರು ಬರೆದ ಹಾಗೇ ಬರೆಯಿರಿ. ಮೆಕ್‌ಡೊನಾಲ್ಡ್’ಸ್‌ಗೆ ಗುರುತಿದೆ, ಸ್ಟಾರ್‌ಬಕ್ಸ್‌ಗೆ ಇಲ್ಲ. ಲಂಡನ್ ಮೆಟ್ರೋದಲ್ಲಿ “ಅರ್ಲ್’ಸ್ ಕೋರ್ಟ್” ನಿಲ್ದಾಣಕ್ಕೆ ಅಪಾಸ್ಟ್ರಫಿ ಇದೆ, ಅದಕ್ಕೆ ಹತ್ತಿರದಲ್ಲೇ ಇರುವ “ಬ್ಯಾರನ್ಸ್ ಕೋರ್ಟ್”ಗೆ ಇಲ್ಲ.

ಸರ್ವನಾಮಗಳಲ್ಲಿ “ಹರ್ಸ್”, “ಯುವರ್ಸ್”, “ಅವರ್ಸ್”, “ದೇರ್ಸ್” ಯಾವುದಕ್ಕೂ ಗುರುತಿಲ್ಲ. ಎಲ್ಲರನ್ನೂ ಕಾಡುವುದು “ಇಟ್ಸ್”. ಗುರುತಿಲ್ಲದ “ಇಟ್ಸ್” ಎಂದರೆ “ಅದರ”. ಗುರುತಿರುವ “ಇಟ್’ಸ್” ಎಂದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್”, ಒಡೆತನಕ್ಕೂ ಅದಕ್ಕೂ ಸಂಬಂಧವಿಲ್ಲ. ಬರೆಯುವ ಮೊದಲು ಆ ಜಾಗದಲ್ಲಿ “ಇಟ್ ಈಸ್” ಎಂದು ಬಿಡಿಸಿ ಓದಿ. ವಾಕ್ಯ ನಿಂತರೆ ಗುರುತು ಹಾಕಿ, ಕುಸಿದರೆ ತೆಗೆಯಿರಿ. ಫೋನಿನ ಕೀಬೋರ್ಡು ಈ ಗುರುತನ್ನು ತಾನಾಗಿ ತುರುಕುವುದುಂಟು. ಎರಡೂ ನಿಜವಾದ ಪದಗಳೇ ಆದ್ದರಿಂದ ಸ್ಪೆಲ್ ಚೆಕ್ ಕೆಂಪುಗೆರೆ ಎಳೆಯದೆ ಸುಮ್ಮನಿದ್ದುಬಿಡಬಹುದು. ಕಳಿಸುವ ಮೊದಲು ಆ ಒಂದು ಪದವನ್ನು ಹುಡುಕಿ ಬಿಡಿಸಿ ಓದಿಕೊಳ್ಳಿ.