ಕೊಕೊಪೀಟ್, ಬೈಹುಲ್ಲು, ಒಂದು ಬೇಸನ್: ಮನೆಯೊಳಗಿನ ಮೊಲಕ್ಕೆ ಟ್ರೇ ಅಭ್ಯಾಸ ಮಾಡಿಸಿದ್ದು

ಮೊಲ ಅಂದ್ರೆ ಹೋದಲ್ಲೆಲ್ಲ ಹಿಕ್ಕೆ ಉದುರಿಸುವ ಜಾತಿ, ಅದಕ್ಕೆ ಟ್ರೇಯಲ್ಲೇ ಉಚ್ಚೆ ಹಿಕ್ಕೆ ಹಾಕುದನ್ನು ಕಲಿಸ್ಲಿಕ್ಕೆ ಹೊರಟವನಿಗೆ ಬೇರೆ ಕೆಲಸ ಇಲ್ಲ ಅಂತ ನನಗೆ ಹೇಳಿದ್ದು ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಮೊಲ ಸಾಕುವವರೇ. ಅವರದ್ದೆಲ್ಲ ಗೂಡಿನ ಮೊಲ, ಕೆಳಗೆ ಬಲೆ, ಬಿದ್ದದ್ದು ಬಿತ್ತು. ನನ್ನದು ಮನೆಯೊಳಗೆ ತಿರುಗುವ ಗಂಡು, ಹೆಸರು ಬೊಳ್ಳ, ಎರಡು ವರ್ಷದ ಮೇಲಾಯ್ತು. ಚಾವಡಿ, ಅಡಿಗೆಕೋಣೆ, ಮಂಚದಡಿ ಎಲ್ಲಾ ಅವನದ್ದೇ, ಆದ್ರೆ ಉಚ್ಚೆ ಟ್ರೇಯಲ್ಲಿ ಮಾತ್ರ. ಹಿಕ್ಕೆ ನಾಲ್ಕೈದು ಹೊರಗೆ ಬೀಳ್ತದೆ, ಒಣ ಗುಂಡು, ಗುಡಿಸಿದ್ರೆ ಮುಗೀತು. ಅದನ್ನೂ ನಿಲ್ಲಿಸ್ತೇನೆ ಹೇಳಿ ಹೊರಟವರಿಗೆ ತಲೆಬಿಸಿ ಬಿಟ್ರೆ ಬೇರೆಂತ ಸಿಕ್ಕುದಿಲ್ಲ.

ಮೊದ್ಲು ಹಣ ಹೋದ ದಾರಿ ಹೇಳ್ತೇನೆ. ಮಂಗಳೂರಿಂದ ತಂದ ಬೆಕ್ಕಿನ ಲಿಟರ್, ಅಂದ್ರೆ ಟ್ರೇಗೆ ಹಾಕುವ ಹುಡಿ, ಐದು ಕೇಜಿಗೆ ನಾನೂರೋ ಐನೂರೋ, ನೀರು ತಾಗಿದ್ರೆ ಗಂಟು ಕಟ್ಟುವ ಮಣ್ಣಿನದ್ದು. ಹಾಕಿ ಸ್ವಲ್ಪ ಹೊತ್ತಾಗುವಾಗ ಬೊಳ್ಳ ಅದನ್ನು ನೆಕ್ತಾ ಕೂತಿದ್ದ, ಹೊಟ್ಟೆಗೆ ಹೋದ್ರೆ ಅಲ್ಲಿಯೂ ಗಂಟೇ ಅಲ್ವಾ, ಮೊಲಕ್ಕೆ ವಾಂತಿ ಬೇರೆ ಬರುದಿಲ್ಲ. ಇಡೀ ಚೀಲ ನೆರೆಮನೆ ಬೆಕ್ಕಿಗೆ ಹೋಯ್ತು. ಮತ್ತೆ ಮರದ ಮಿಲ್ಲಿನ ಹುಡಿ, ಅದು ಫ್ರೀ, ಆದ್ರೆ ಯಾವ ಮರ ಕೊಯ್ದದ್ದು ಅಂತ ಯಾರಿಗೆ ಗೊತ್ತು, ಅವನಿಗೂ ಸೀನು ನಮಗೂ ಸೀನು. ಪೇಪರ್ ಚೂರು ಬೇಸಗೆಯಲ್ಲಿ ನಡೀತದೆ, ಆಟಿಯ ಮಳೆಯಲ್ಲಿ ಮಧ್ಯಾಹ್ನಕ್ಕೇ ಕಣ್ಣುರಿ ಬರುವಷ್ಟು ಅಮೋನಿಯಾ ವಾಸನೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲೇ ಟ್ರೇ ಮಾಡಿದ್ರೆ ಹೇಗೆ ಅಂತ ಒಂದು ಐಡಿಯಾ ಬಂತು, ಮಡಚಿ ಹೊಲಿದು ಚಂದ ಮಾಡಿಯೇ ಇಟ್ಟಿದ್ದೆ, ಬೆಳಗಾಗುವಾಗ ಟ್ರೇ ಅರ್ಧ ತಿಂದಾಗಿತ್ತು.

ಕಡೆಗೆ ನಿಂತದ್ದು ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಬೇಸನ್. ಒಂದು ಬದಿ ಕೊಯ್ದು ತಗ್ಗಿಸಿ, ತಳಕ್ಕೆ ಎರಡಿಂಚು ಕೊಕೊಪೀಟ್, ಅಂದ್ರೆ ತೆಂಗಿನ ನಾರಿನ ಹುಡಿ, ಅದರ ಮೇಲೆ ದಪ್ಪಕ್ಕೆ ಬೈಹುಲ್ಲು. ಐದು ಕೇಜಿಯ ಕೊಕೊಪೀಟ್ ಇಟ್ಟಿಗೆ ಇನ್ನೂರರ ಆಸುಪಾಸು, ಅಂಗಡಿಯಲ್ಲಿ ಮಲಯಾಳದಲ್ಲಿ ಚಕಿರಿಚೋರು ಅಂತ ಕೇಳಿದ್ರೆ ಬೇಗ ಕೊಡ್ತಾರೆ. ನೀರು ಹಾಕಿ ಉಬ್ಬಿಸುವ ಕ್ರಮ ಗಿಡಕ್ಕೆ, ಇಲ್ಲಿ ಒಣಗಿದ್ದನ್ನೇ ಪುಡಿ ಮಾಡಿ ಹಾಕ್ಬೇಕು, ಆಗಲೇ ಅದು ಹೀರುದು. ಅದರೊಟ್ಟಿಗೆ ನಾನು ಇನ್ನೊಂದು ಸೇರಿಸ್ತೇನೆ, ವಾಸನೆ ಪೂರ್ತಿ ನಿಂತದ್ದು ಅದರಿಂದ, ಅದು ಸದ್ಯಕ್ಕೆ ನನ್ನಲ್ಲೇ ಇರ್ಲಿ. ಮೇಲಿನ ಹುಲ್ಲು ಬೇಕೇ ಬೇಕು, ಪಾದ ಒದ್ದೆಯಲ್ಲೇ ಇದ್ರೆ ಹಿಮ್ಮಡಿ ಹುಣ್ಣಾಗ್ತದೆ, ಗೂಡಿನ ಬಲೆ ಮೇಲೆ ಸಾಕುವವರಿಗೆ ಆ ಹುಣ್ಣು ಗೊತ್ತಿದ್ದದ್ದೇ.

ಟ್ರೇ ಎಲ್ಲಿ ಇಡುದು ಅಂತ ನಿಶ್ಚಯ ಮಾಡುದು ನಾವಲ್ಲ, ಮೊಲ. ಬೊಳ್ಳ ಚಾವಡಿಯ ಮೂಲೆ ಹಿಡಿದ, ನಾನು ಬಚ್ಚಲಿನ ಹತ್ರ ಇಟ್ಟು ಇಟ್ಟು ಸಾಕಾಗಿ ಟ್ರೇಯನ್ನೇ ಚಾವಡಿಗೆ ತಂದೆ. ಮತ್ತೆ ತಿನ್ನುವ ಹುಲ್ಲು ಟ್ರೇಗೇ ತಾಗಿ ಇರ್ಬೇಕು, ಕೂತಲ್ಲಿಂದಲೇ ಬಾಯಿಗೆ ಸಿಗುವ ಹಾಗೆ. ಮೊಲ ತಿನ್ನುತ್ತಾ ತಿನ್ನುತ್ತಾ ಹಿಕ್ಕೆ ಹಾಕುವ ಪ್ರಾಣಿ, ಇದನ್ನು ನಂಬದೆ ಹುಲ್ಲು ಒಂದು ಕಡೆ ಟ್ರೇ ಒಂದು ಕಡೆ ಇಟ್ಟವರೇ ಆಗುದಿಲ್ಲ ಹೇಳುದು. ಮೊಲಕ್ಕೆ ಅಂತ ಮಾರುವ ಟಿಮೊಥಿ ಒಣಹುಲ್ಲು ಆನ್‌ಲೈನಲ್ಲಿ ಕೇಜಿಗೆ ಆರೇಳ್ನೂರು, ನಮ್ಮಂಥವರಿಗೆ ಆಗುವ ಮಾತಲ್ಲ. ಪದವಿನ, ಅಂದ್ರೆ ಗುಡ್ಡದ ಮೇಲಿನ ಬಯಲಿನ, ಮುಳಿಹುಲ್ಲು ಕೊಟ್ಟು ನೋಡಿದೆ, ಒರಟು, ಮೂಸಿಯೂ ನೋಡ್ಲಿಲ್ಲ. ಈಗ ತೋಟದ ಗರಿಕೆ, ಕಾಡುಹುಲ್ಲು ಬಿಸಿಲಿದ್ದಾಗ ಒಣಗಿಸಿ ಗೋಣಿಯಲ್ಲಿ ತುಂಬಿ ಅಟ್ಟದಲ್ಲಿ ಇಡುದು. ಬೂಸ್ಟು ಬಂದದ್ದು ಒಂದೆಳೆ ಕಂಡ್ರೂ ಇಡೀ ಕಟ್ಟು ಗೊಬ್ಬರದ ಗುಂಡಿಗೆ.

ಇಷ್ಟೆಲ್ಲ ಮಾಡಿದ ಮೇಲೂ ನಾಲ್ಕೈದು ತಿಂಗಳ ಪ್ರಾಯಕ್ಕೆ ಬರುವಾಗ ಬೊಳ್ಳ ಗೋಡೆಗೆ, ಸೋಫಾಕ್ಕೆ, ಬಂದ ನೆಂಟರ ಕಾಲಿಗೆ ಉಚ್ಚೆ ಹಾರಿಸ್ಲಿಕ್ಕೆ ಸುರು ಮಾಡಿದ. ಅದಕ್ಕೆ ಬೀಜ ತೆಗೆಯುವ ಆಪರೇಶನ್ ಒಂದೇ ದಾರಿ, ಬಾಕಿ ಎಲ್ಲ ಬರೀ ಮಾತು. ಹತ್ತಿರದ ಒಬ್ರು ಡಾಕ್ಟ್ರು ದನ ನಾಯಿಗಾದ್ರೆ ಮಾಡುವ, ಮೊಲಕ್ಕೆ ಯಾಕೆ ಮಾರಾಯ್ರೆ ಅಂತ ನಕ್ರು. ಮಂಗಳೂರಲ್ಲಿ ಮಾಡ್ಸಿದ್ದು, ಕಾರು ಬಾಡಿಗೆ ಎಲ್ಲ ಸೇರಿ ನಾಲ್ಕು ಸಾವಿರದ ಮೇಲೆ. ಮೊದಲಿನ ರಾತ್ರಿ ಉಪವಾಸ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಮೊಲದ ಹೊಟ್ಟೆ ಖಾಲಿ ನಿಲ್ಲಬಾರ್ದು. ಆಪರೇಶನ್ ಆದ ಮಾರನೇ ದಿನವೇ ಹಾರಿಸುದು ನಿಲ್ಲುದಿಲ್ಲ, ಒಂದು ತಿಂಗಳ ಮೇಲೆ ಹೋಗ್ತದೆ.

ನಮ್ಮ ಮನೆಯದ್ದು ಕೆಂಪು ಕಾವಿ ನೆಲ, ಅದರಲ್ಲಿ ಮೊಲದ ಉಚ್ಚೆಯ ಕ್ಯಾಲ್ಸಿಯಂ ಒಣಗಿ ಬಿಳಿ ಕಲೆ. ಬೇಸನ್ನಿಗೆ ವಿನೆಗರ್ ಹಾಕಿ ಬಿಟ್ರೆ ಕಲೆ ಎದ್ದು ಬರ್ತದೆ. ನೆಲಕ್ಕೆ ಹುಳಿ ಬಿಂಬುಳಿಕಾಯಿ ಜಜ್ಜಿ ತಿಕ್ಕಿ ನೋಡಿದೆ, ಕಲೆ ಹೋಯ್ತು, ಒಟ್ಟಿಗೆ ನೆಲದ ಮಿನುಗೂ ಸ್ವಲ್ಪ ಹೋಯ್ತು. ಈಗ ನೆಲಕ್ಕೆ ನೀರು ಬೆರೆಸಿದ ವಿನೆಗರ್, ಕೂಡ್ಲೇ ಒರಸುದು. ಉಚ್ಚೆ ಕೆಂಪು ಕಂಡ್ರೆ ಹೆಚ್ಚಿನ ಸಲ ಅದು ತಿಂದ ಸೊಪ್ಪಿನ ಬಣ್ಣ, ಆದ್ರೆ ತಿಣುಕಿದ್ರೆ ಅಥವಾ ಒಂದೆರಡು ದಿನದಲ್ಲಿ ಹೋಗದಿದ್ರೆ ಡಾಕ್ಟ್ರಿಗೆ ತೋರಿಸಿ.

ಮಳೆಗಾಲದಲ್ಲಿ ಹೆದರ್ಬೇಕಾದ್ದು ನೊಣಕ್ಕೆ. ಕುಂಡೆಯ ರೋಮ ಒದ್ದೆ ಇದ್ರೆ ಅಲ್ಲಿ ಮೊಟ್ಟೆ ಇಡ್ತದೆ, ಒಂದು ದಿನದೊಳಗೆ ಹುಳು, ಮತ್ತೆ ಮೊಲ ಉಳಿಯುದು ಕಷ್ಟ. ಜೂನಿಂದ ಸೆಪ್ಟೆಂಬರ್ ವರೆಗೆ ಬೆಳಿಗ್ಗೆ ಸಂಜೆ ಎತ್ತಿ ನೋಡುದೇ. ಸ್ನಾನ ಮಾತ್ರ ಮಾಡಿಸ್ಬೇಡಿ, ಹೆದರಿಕೆಗೇ ಸಾಯುವ ಪ್ರಾಣಿ. ಕಾರ್ನ್‌ಫ್ಲೋರ್ ಉದುರಿಸಿ ಕೈಯಲ್ಲಿ ಬಿಡಿಸಿ ಬಾಚುದು. ಅದು ಮುಗಿದಿದ್ದ ದಿನ ಕೂವೆಹುಡಿ, ಅಂದ್ರೆ ಕೂವೆಗಡ್ಡೆಯ ಹಿಟ್ಟು, ಹಾಕಿದೆ, ಅಷ್ಟೇ ಚಂದ ಕೆಲಸ ಮಾಡ್ತದೆ, ಆದ್ರೆ ಅಮ್ಮ ನೋಡಿದ್ರು. "ಸಾವಿರ ರೂಪಾಯಿಯ ಕೂವೆಹುಡಿ ಮೊಲದ ಕುಂಡೆಗಾ? ನಿನಗೆ ಜ್ವರ ಬಂದಾಗ ಗಂಜಿ ಕಾಸ್ಲಿಕ್ಕೆ ಎಲ್ಲಿಂದ ತರುದು?" ಮತ್ತೆ ಮುಟ್ಲಿಲ್ಲ. ಕುಂಡೆ ಪದೇ ಪದೇ ಅಂಟುದಾದ್ರೆ ಊಟ ನೋಡಿ. ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗಿನ ಹಿಕ್ಕೆ ಮೊಲ ತಾನೇ ತಿನ್ಬೇಕಾದ್ದು, ಅದು ನೆಲದಲ್ಲಿ ಬಿದ್ದಿದೆ ಅಂದ್ರೆ ಅಂಗಡಿಯ ಪೆಲೆಟ್ ತಿಂಡಿ, ಬಾಳೆಹಣ್ಣು ಜಾಸ್ತಿ ಆಗಿದೆ ಅಂತ ಲೆಕ್ಕ.

 ಟ್ರೇ ಬದಲಿಸುದು ಎರಡು ದಿನಕ್ಕೊಮ್ಮೆ, ಮಳೆಗೆ ದಿನಾ. ತೆಗೆದದ್ದು ಹಿಕ್ಕೆ ಸಮೇತ ಕರಿಮೆಣಸಿನ ಬುಡಕ್ಕೆ, ಸ್ವಲ್ಪ ಹಳೇ ಹಿಕ್ಕೆ ಮಾತ್ರ ತಿರುಗಿ ಹೊಸ ಟ್ರೇಗೆ ಹಾಕಿಡಿ, ಇಲ್ಲದಿದ್ರೆ ವಾಸನೆ ಹುಡುಕಿಕೊಂಡು ಮತ್ತೆ ಸೋಫಾಕ್ಕೇ ಹೋಗ್ತದೆ.