90 ಸೆಕೆಂಡಿನ ಭಯ: ಹಾರರ್ ಟ್ರೈಲರ್‌ಗೆ ವಿದ್ಯಾರ್ಥಿಗಳು ತಯಾರಾಗುವುದು ಹೇಗೆ?

ಕೊಡಗಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿಗೆ ವಿಡಿಯೊ ಪ್ರಾಜೆಕ್ಟ್ ಅಂದ ಕೂಡಲೇ ಹೊಳೆಯುವುದು ಹಾರರ್. ಮಂಜು ಇದೆ, ಮಳೆ ಇದೆ, ಕಾಫಿ ತೋಟ ಇದೆ, ಹಳೇ ಹೆಂಚಿನ ಮನೆ ಇದೆ. ಮೊಬೈಲ್ ತಗೊಂಡು ಹೊರಟರೆ ಆಯ್ತು ಅಲ್ವಾ? ಆಗುವುದಿಲ್ಲ. ಹಾಗೆ ಹೊರಟ ತಂಡಗಳು ಸಂಜೆಗೆ ತರುವುದೆಲ್ಲ ಒಂದೇ ಥರ. ಬಿಳಿ ಸೀರೆ ಉಟ್ಟ ಗೆಳತಿ, ಮುಖದ ಮೇಲೆ ಕೂದಲು, ಗಿಡಗಳ ನಡುವೆ ನಡಿಗೆ, ಕೊನೆಗೊಂದು ಕಿರುಚಾಟ. ಎಡಿಟಿಂಗ್‌ಗೆ ಕೂತಾಗ ಜೋಡಿಸಲು ಏನೂ ಇರುವುದಿಲ್ಲ.

ಕೆಲಸ ಕೆಡುವುದು ಶೂಟಿಂಗ್‌ಗೆ ಮೊದಲೇ. ಅದಕ್ಕೇ ಈ ಲೇಖನ ಪೂರ್ತಿ ತಯಾರಿಯ ಬಗ್ಗೆ ಇದೆ.

ಹಂತ 1: ಇಲ್ಲದ ಸಿನಿಮಾದ ಕತೆ ಬರೆಯಿರಿ

ಟ್ರೈಲರ್ ಅಂದರೆ ಒಂದು ಸಿನಿಮಾದ ಜಾಹೀರಾತು. ಆ ಸಿನಿಮಾವನ್ನು ನೀವು ತೆಗೆಯುವುದಿಲ್ಲ ನಿಜ. ಆದರೆ ಅದು ಕಾಗದದ ಮೇಲಾದರೂ ಇರಲೇಬೇಕು. ಒಂದು ಪುಟ ಸಾಕು. ಯಾರ ಕತೆ, ಎಲ್ಲಿ ನಡೆಯುತ್ತದೆ, ಅವರಿಗೆ ಏನು ಬೇಕಾಗಿದೆ, ಕೊನೆಗೆ ಏನಾಗುತ್ತದೆ. ಜೊತೆಗೆ ಭಯಕ್ಕೆ ಒಂದು ನಿಯಮ ಬರೆಯಿರಿ. ಅದು ಯಾವಾಗ ಬರುತ್ತದೆ? ಅದರಿಂದ ಏನು ಮಾಡಲು ಆಗುವುದಿಲ್ಲ? ನಿಯಮ ಇಲ್ಲದ ದೆವ್ವಕ್ಕೆ ಯಾರೂ ಹೆದರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಮುಂದೆಯೂ ಇದನ್ನೇ ಬಳಸುತ್ತೇನೆ. ಕಾಫಿ ಕೊಯ್ಲಿನ ಕಾಲ. ತೋಟಕ್ಕೆ ಹೊಸ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು, ಬಂದಿದ್ದಾನೆ. ಹಾಜರಿ ಪುಸ್ತಕದಲ್ಲಿ ದಿನಾ ಒಂದು ಹೆಸರು ಜಾಸ್ತಿ ಇರುತ್ತದೆ. ಸಂಜೆ ಹಣ್ಣು ತೂಗುವಾಗ ಒಂದು ಚೀಲವೂ ಜಾಸ್ತಿ. ಇಲ್ಲಿ ನಿಯಮ ಏನೆಂದರೆ, ಆ ಹೆಚ್ಚಿನ ಒಬ್ಬರು ಎಣಿಸುವಾಗ ಮಾತ್ರ ಇರುತ್ತಾರೆ. ಹುಡುಕಿದರೆ ಸಿಗುವುದಿಲ್ಲ. ನೋಡಿ, ಸೀರೆಯೂ ಬೇಡ, ವಿಗ್ಗೂ ಬೇಡ. ತೋಟದಲ್ಲಿ ಬೆಳೆದವರಿಗೆ ಇದು ಥಟ್ಟನೆ ತಾಗುತ್ತದೆ.

ಹಂತ 2: ಟ್ರೈಲರ್‌ಗಳನ್ನು ಬಿಚ್ಚಿ ನೋಡಿ

ಸಂಶೋಧನೆ ಅಂತ ಹೇಳಿ ಮಕ್ಕಳು ಮಾಡುವುದು ರಾತ್ರಿಯೆಲ್ಲ ಹಾರರ್ ಸಿನಿಮಾ ನೋಡುವುದು. ಆಮೇಲೆ ‘ಹಿನ್ನೆಲೆ ಸಂಗೀತ ಭಯ ಹುಟ್ಟಿಸುವಂತಿತ್ತು’ ಅಂತ ಬರೆಯುತ್ತಾರೆ. ಈ ವಾಕ್ಯದಿಂದ ನಿಮ್ಮ ಟ್ರೈಲರ್‌ಗೆ ಏನೂ ಸಿಗುವುದಿಲ್ಲ.

ಐದು ಟ್ರೈಲರ್ ಆರಿಸಿ. ಎರಡು ಕನ್ನಡದ್ದು ಇರಲಿ, ಒಂದು ಮಲಯಾಳದ್ದು, ಉಳಿದೆರಡು ಎಲ್ಲಿಯದಾದರೂ ಸರಿ. ಅವುಗಳಲ್ಲಿ ಒಂದಾದರೂ ಕಡಿಮೆ ಖರ್ಚಿನದಾಗಿರಲಿ. ಪ್ರತಿಯೊಂದನ್ನೂ ನಾಲ್ಕು ಸಲ ನೋಡಿ. ಮೊದಲ ಸಲ ಸುಮ್ನೆ ಪ್ರೇಕ್ಷಕರಾಗಿ. ಎರಡನೇ ಸಲ ಸದ್ದು ಪೂರ್ತಿ ತೆಗೆದು. ಮೂರನೇ ಸಲ ಮೊಬೈಲ್ ಬೋರಲು ಇಟ್ಟು, ಬರೀ ಕಿವಿಯಲ್ಲಿ. ಹೆಚ್ಚಿನವರಿಗೆ ಈ ಮೂರನೇ ಸಲ ಆಶ್ಚರ್ಯ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ಭಯ ಅಲ್ಲೇ ಇರುತ್ತದೆ.

ನಾಲ್ಕನೇ ಸಲ ನೋಟ್‌ಬುಕ್ ಹಿಡಿದು ಕೂರಿ. ಪುಟದಲ್ಲಿ ಐದು ಕಂಬ ಎಳೆಯಿರಿ. ಸಮಯ, ಕಾಣುವುದು, ಕೇಳುವುದು, ಪರದೆ ಮೇಲಿನ ಅಕ್ಷರ, ಮತ್ತು ‘ಈಗ ನನಗೆ ಹೊಸದಾಗಿ ಏನು ಗೊತ್ತಾಯಿತು’. ಪ್ರತಿ ಕಟ್‌ಗೂ ನಿಲ್ಲಿಸಿ ಬರೆಯಿರಿ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೊ ನಿಲ್ಲಿಸಿ ಕಾಮಾ ಕೀ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ, ಫುಲ್‌ಸ್ಟಾಪ್ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ. ‘ಮಳೆ ಸದ್ದು ನಿಂತಿತು. ಎರಡು ಸೆಕೆಂಡ್ ಏನೂ ಇಲ್ಲ. ಚಿಲಕದ ಸದ್ದು.’ ಹೀಗೆ ಬರೆದರೆ ನಾಳೆ ಎಡಿಟಿಂಗ್‌ನಲ್ಲಿ ಕೆಲಸಕ್ಕೆ ಬರುತ್ತದೆ.

ಐದೂ ಮುಗಿದ ಮೇಲೆ ಪುಟಗಳನ್ನು ಪಕ್ಕಪಕ್ಕ ಇಟ್ಟು ಹುಡುಕಿ. ಏನೋ ಸರಿ ಇಲ್ಲ ಅನ್ನುವುದು ಮೊದಲು ಗೊತ್ತಾಗುವುದು ಎಷ್ಟನೇ ಸೆಕೆಂಡಿಗೆ? ಅತಿ ಉದ್ದದ ಶಾಟ್ ಎಲ್ಲಿದೆ? ದೊಡ್ಡ ಸದ್ದಿಗೆ ಮೊದಲು ಎಷ್ಟು ಹೊತ್ತು ಮೌನ? ದೆವ್ವದ ಮುಖ ಒಟ್ಟು ಎಷ್ಟು ಹೊತ್ತು ಕಾಣುತ್ತದೆ? ಒಳ್ಳೆಯ ಟ್ರೈಲರ್‌ಗಳಲ್ಲಿ ಅದು ಕಾಣುವುದೇ ಅಪರೂಪ. ಸಿನಿಮಾದ ಹೆಸರು ಬಂದ ಮೇಲೂ ಒಂದು ತುಣುಕು ಇದೆಯಾ?

ಎಲ್ಲ ಟ್ರೈಲರ್‌ಗೂ ಒಂದೇ ಅಚ್ಚು ಅಂದುಕೊಳ್ಳಬೇಡಿ. 1980ರ ‘ದಿ ಶೈನಿಂಗ್’ ಟೀಸರ್‌ನಲ್ಲಿ ಇರುವುದು ಅಲುಗಾಡದ ಒಂದೇ ಶಾಟ್. ಲಿಫ್ಟ್ ಬಾಗಿಲಿನಿಂದ ರಕ್ತ ನುಗ್ಗಿ ಬರುತ್ತದೆ, ಅಷ್ಟೇ. 1979ರ ‘ಏಲಿಯನ್’ ಟ್ರೈಲರ್‌ನಲ್ಲಿ ಒಂದು ಮಾತೂ ಇಲ್ಲ. ನಟನೆ ಬಾರದ ಗೆಳೆಯರನ್ನು ಹಾಕಿಕೊಂಡು ಕೆಲಸ ಮಾಡುವವರಿಗೆ ಈ ಎರಡನೆಯದು ತುಂಬ ಉಪಯೋಗ.

‘ಹಾರರ್ ಟ್ರೈಲರ್‌ನ ಲಕ್ಷಣಗಳು’ ಅಂತ ಇಂಟರ್ನೆಟ್‌ನಿಂದ ಪಟ್ಟಿ ಇಳಿಸಿಕೊಳ್ಳುವುದು ಈಗ ಸುಲಭ. ಬೇಡ. ಎಲ್ಲರ ಕೈಗೂ ಅದೇ ಪಟ್ಟಿ ಸಿಗುತ್ತದೆ, ಎಲ್ಲರ ಟ್ರೈಲರೂ ಒಂದೇ ಥರ ಆಗುತ್ತದೆ.

ಹಂತ 3: ಊರಿನ ಕತೆ ಕೇಳಿ, ಎಲ್ಲಿ ನಿಲ್ಲಬೇಕೆಂದು ತಿಳಿಯಿರಿ

ಮನೆಯ ಹಿರಿಯರನ್ನು ಕೇಳಿ. ‘ದೆವ್ವ ನೋಡಿದ್ದೀರಾ’ ಅಂದರೆ ಇಲ್ಲ ಅಂದು ಸುಮ್ಮನಾಗುತ್ತಾರೆ. ‘ಚಿಕ್ಕವರಿದ್ದಾಗ ಕತ್ತಲಾದ ಮೇಲೆ ಯಾವ ದಾರಿಯಲ್ಲಿ ಹೋಗುತ್ತಿರಲಿಲ್ಲ?’ ಅಂತ ಕೇಳಿ. ಆಗ ಕತೆ ಬರುತ್ತದೆ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಕಟ್ಟಿಸಿದ್ದು ಕೊಡಗಿನ ರಾಜ ಲಿಂಗರಾಜೇಂದ್ರ. ರಾಜ ಕೊಲ್ಲಿಸಿದ ಬ್ರಾಹ್ಮಣ ಬ್ರಹ್ಮರಾಕ್ಷಸನಾಗಿ ಕಾಡಿದ, ಅದರ ಪರಿಹಾರಕ್ಕೆ ಗುಡಿ ಎದ್ದಿತು ಅನ್ನುತ್ತದೆ ಐತಿಹ್ಯ. ಇದರಿಂದ ನೀವು ಎತ್ತಿಕೊಳ್ಳಬೇಕಾದ್ದು ಒಳಗಿನ ಎಳೆಯನ್ನು. ಅಧಿಕಾರ ಇದ್ದವನಿಗೆ ತಾನು ಮಾಡಿದ್ದರಿಂದಲೇ ನಿದ್ದೆ ಇಲ್ಲ. ಅದನ್ನು ಒಬ್ಬ ಮೇಸ್ತ್ರಿಗೆ ಕೊಡಿ, ಹಾಸ್ಟೆಲ್ ವಾರ್ಡನ್‌ಗೆ ಕೊಡಿ, ಹೊಸ ಕತೆ ಆಗುತ್ತದೆ. ದೇವಸ್ಥಾನದ ಮುಂದೆ ಹೋಗಿ ಕಿರುಚಾಡುವುದು ಬೇಡ.

ಇನ್ನು ಕೆಲವು ಕಡೆ ಕಾಲಿಡಲೇ ಬಾರದು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ದೇವರಕಾಡು ಶೂಟಿಂಗ್ ಸೆಟ್ ಆಗಬಾರದು. ತೆರೆ ಕಟ್ಟುವವರ, ಅಂದರೆ ದೈವದ ವೇಷ ಧರಿಸುವವರ, ಬಣ್ಣ, ವೇಷವನ್ನು ದೆವ್ವದ ಮೇಕಪ್‌ಗೆ ಬಳಸಬೇಡಿ. ಅದು ನಮ್ಮವರು ಕೈಮುಗಿಯುವ ರೂಪ. ಐನ್‌ಮನೆ (ಕುಟುಂಬದ ಮೂಲ ಮನೆ), ಕೈಮಡ (ಕುಟುಂಬದ ಪೂರ್ವಜರ ಗುಡಿ) ಇಲ್ಲೆಲ್ಲ ಕುಟುಂಬದ ಹಿರಿಯರ ಒಪ್ಪಿಗೆ ಇಲ್ಲದೆ ಕ್ಯಾಮೆರಾ ತೆಗೆಯಬೇಡಿ. ಇಲ್ಲಿನ ಬುಡಕಟ್ಟಿನವರಾದ ಯರವರನ್ನೋ ಜೇನುಕುರುಬರನ್ನೋ ಮಾಟ ಮಾಡುವವರಂತೆ ತೋರಿಸುವುದು ಅನ್ಯಾಯ, ಅದು ಹಳಸಿದ ಕತೆ ಕೂಡ. 2018ರ ಆಗಸ್ಟ್‌ನ ಮಳೆಗೆ, ಗುಡ್ಡ ಜರಿದು ಬಿಟ್ಟುಹೋದ ಮನೆಗಳನ್ನು ‘ಭೂತಬಂಗಲೆ’ ಮಾಡಬೇಡಿ. ಆ ಮನೆಯವರು ಇಲ್ಲೇ ಎಲ್ಲೋ ಬಾಡಿಗೆ ಮನೆಯಲ್ಲಿ ಕೂತು ನಿಮ್ಮ ವಿಡಿಯೊ ನೋಡುತ್ತಿರಬಹುದು.

‘ನಿಜ ಘಟನೆ ಆಧರಿತ’ ಅನ್ನುವ ಸಾಲೂ ಬೇಡ. ನಿಜವಾದ ತೋಟದ, ಹೋಮ್‌ಸ್ಟೇಯ ಬೋರ್ಡ್ ಫ್ರೇಮಿನಲ್ಲಿ ಬಂದರೆ ಅವರಿಗೆ ಆಗುವ ತೊಂದರೆ ಬೇಗ ಹೋಗುವುದಿಲ್ಲ.

ಹಂತ 4: ಯಾರಿಗಾಗಿ?

ಕ್ಲಾಸಿನವರಿಗೆ ‘ಹಾರರ್ ಇಷ್ಟಾನಾ’ ಅಂತ ಫಾರ್ಮ್ ಕಳಿಸಬೇಡಿ. ನೀವು ಬಿಚ್ಚಿ ನೋಡಿದ ಟ್ರೈಲರ್‌ಗಳನ್ನು ನಾಲ್ಕೈದು ಜನಕ್ಕೆ ತೋರಿಸಿ, ಪರದೆ ಬಿಟ್ಟು ಅವರ ಮುಖ ನೋಡಿ. ಯಾವ ಸೆಕೆಂಡಿಗೆ ಮೊಬೈಲ್ ಕಡೆ ಕಣ್ಣು ಹೋಯಿತು ಬರೆದುಕೊಳ್ಳಿ.

ಹಂತ 5: 90 ಸೆಕೆಂಡಿನ ನಕ್ಷೆ

ಬಹಳ ಮಂದಿ ಸೋಲುವುದು ಇಲ್ಲಿ, ಅದಕ್ಕೆ ನಿಧಾನವಾಗಿ ಓದಿ. ಮಕ್ಕಳ ಟ್ರೈಲರ್ ನಾಲ್ಕು ನಿಮಿಷ ಇರುತ್ತದೆ, ಕತೆ ಪೂರ್ತಿ ಹೇಳಿ ಮುಗಿಸುತ್ತದೆ. ಅದು ಕಿರುಚಿತ್ರ ಆಯಿತು. ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘವೇ 2014ರಲ್ಲಿ ಟ್ರೈಲರ್ 2 ನಿಮಿಷ ಮೀರದಿರಲಿ ಅಂತ ಕೇಳಿಕೊಂಡಿತ್ತು. ನಿಮಗೆ 90 ಸೆಕೆಂಡ್ ಸಾಕು.

ಒಂದು ಉದ್ದ ಚಾರ್ಟ್ ಹಾಳೆ ತಗೊಳ್ಳಿ. 90 ಗುರುತು ಹಾಕಿ. ಮೇಲಿನ ಸಾಲಿನಲ್ಲಿ ಸದ್ದು, ಕೆಳಗಿನ ಸಾಲಿನಲ್ಲಿ ಚಿತ್ರ. ಸದ್ದನ್ನೇ ಮೊದಲು ತುಂಬಿ. ಹಾರರ್‌ಗೆ ಈ ಕ್ರಮವೇ ಸರಿ.

ಮೊದಲ 12 ಸೆಕೆಂಡ್ ಮಾಮೂಲಿ ಜಗತ್ತು. ಜೀಪ್ ಬಂದು ನಿಲ್ಲುತ್ತದೆ, ರೈಟರ್ ಇಳಿಯುತ್ತಾನೆ, ದೂರದಲ್ಲಿ ಹಣ್ಣು ಬಿಡಿಸುವವರ ಮಾತು. ಎರಡೇ ಶಾಟ್. ಇಲ್ಲಿ ಸಂಗೀತ ಹಾಕಬೇಡಿ. 30ನೇ ಸೆಕೆಂಡಿನ ಹೊತ್ತಿಗೆ ಒಂದೇ ಒಂದು ವಿಷಯ ತಪ್ಪಬೇಕು. ‘ಇವತ್ತು ಎಷ್ಟು ಜನ?’ ‘ಹದಿನೇಳು ಸಾರ್.’ ಪುಸ್ತಕದಲ್ಲಿ ಹದಿನೆಂಟು ಹೆಸರು. ಅಲ್ಲಿಂದ 55ರವರೆಗೆ ಆ ತಪ್ಪು ಮೂರು ಸಲ ಮರಳಬೇಕು, ಪ್ರತಿ ಸಲ ಇನ್ನೂ ಹತ್ತಿರ. ಮೊದಲು ಪುಸ್ತಕದಲ್ಲಿ, ಆಮೇಲೆ ತಕ್ಕಡಿ ಹತ್ತಿರದ ಚೀಲದಲ್ಲಿ, ಆಮೇಲೆ ರೈಟರ್‌ನ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಯಲ್ಲಿ.

ಈಗ ಎಲ್ಲರೂ ವೇಗ ಹೆಚ್ಚಿಸುತ್ತಾರೆ. ನೀವು ನಿಲ್ಲಿಸಿ. 55ರಿಂದ 63ರವರೆಗೆ ಒಂದೇ ಶಾಟ್, ಸಂಗೀತ ಇಲ್ಲ. ರೈಟರ್ ಸಾಲಿನಲ್ಲಿ ನಿಂತವರನ್ನು ಎಣಿಸುತ್ತಿದ್ದಾನೆ. ‘ಹದಿನೈದು, ಹದಿನಾರು, ಹದಿನೇಳು.’ ಸಾಲು ಮುಗಿಯಿತು. ಉಸಿರು ಬಿಡುತ್ತಾನೆ. ಅವನ ಹಿಂದಿನಿಂದ ಮೆಲ್ಲಗೆ ಒಂದು ದನಿ: ‘ಹದಿನೆಂಟು.’ ಕಪ್ಪು.

ಆಮೇಲೆ 80ರವರೆಗೆ ಬೇಗ ಬೇಗ ಕಟ್. ಸುಮಾರು ಇಪ್ಪತ್ತು ಶಾಟ್, ಒಂದೊಂದೂ ಸೆಕೆಂಡಿಗಿಂತ ಕಡಿಮೆ. ಇಲ್ಲಿ ನೋಡುವವರಿಗೆ ಕತೆ ಅರ್ಥ ಆಗುವುದು ಬೇಡ. ಕತೆಯ ಕೊನೆಯ ಗುಟ್ಟು ಒಂದು ಶಾಟ್‌ನಲ್ಲೂ ಇಣುಕಬಾರದು. ನಂತರ ಸಿನಿಮಾದ ಹೆಸರು. ಕೊನೆಯ ಐದು ಸೆಕೆಂಡಿಗೆ ಒಂದು ಸಣ್ಣ ತುಣುಕು. ಕಿರುಚಾಟ ಬೇಡ, ಪೆನ್ನು ತಾನೇ ಒಂದು ಹೆಸರು ಬರೆದು ನಿಂತರೆ ಸಾಕು.

ಮೌನ ಅಂದರೆ ಸದ್ದನ್ನು ಸೊನ್ನೆ ಮಾಡುವುದು ಅಂತ ತಿಳಿಯಬೇಡಿ. ಹಾಗೆ ಮಾಡಿದರೆ ವಿಡಿಯೊ ಕೆಟ್ಟಿದೆ ಅನಿಸುತ್ತದೆ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ಅರ್ಧ ನಿಮಿಷ ಆ ಜಾಗದ ಸದ್ದನ್ನೇ ರೆಕಾರ್ಡ್ ಮಾಡಿ. ನಮಗೆ ಇಲ್ಲಿ ದೊಡ್ಡ ಭಾಗ್ಯ ಇದೆ. ಜೀರುಂಡೆ, ತಗಡಿನ ಮೇಲಿನ ಮಳೆ, ನಾಯಿಯ ಹಾಗೆ ಬೊಗಳುವ ಕಾಡುಕುರಿ. ಮಲಬಾರ್ ವಿಸ್ಲಿಂಗ್ ಥ್ರಷ್ ಅನ್ನುವ ಹಕ್ಕಿ ನಸುಕಿನಲ್ಲಿ ಯಾರೋ ಹುಡುಗ ಸಿಳ್ಳೆ ಹಾಕುತ್ತಾ ನಡೆದ ಹಾಗೇ ಕೂಗುತ್ತದೆ. ಖಾಲಿ ತೋಟದ ಶಾಟ್‌ಗೆ ಅದೊಂದೇ ಸಾಕು. ಸಿನಿಮಾದ ಸಂಗೀತ ಕದಿಯಬೇಡಿ, ಯೂಟ್ಯೂಬ್ ಹಿಡಿಯುತ್ತದೆ. ಯೂಟ್ಯೂಬ್‌ನದೇ ಆಡಿಯೊ ಲೈಬ್ರರಿ ಇದೆ, ಫ್ರೀಸೌಂಡ್ ತಾಣ ಇದೆ. ಒಂದೊಂದು ಫೈಲಿನ ಪರವಾನಗಿ ಒಂದೊಂದು ಥರ, ಓದಿ ಇಳಿಸಿಕೊಳ್ಳಿ.

ಹಂತ 6: ಜಾಗ, ಅನುಮತಿ, ಆನೆ

ತೋಟದ ಮಾಲೀಕರಿಗೆ ಕಾಲೇಜಿನ ಪತ್ರ ಕೊಡಿ. ಮೀಸಲು ಅರಣ್ಯ, ಅಭಯಾರಣ್ಯದ ಒಳಗೆ ಹೋಗುವ ಯೋಚನೆಯೇ ಬೇಡ. ಕೊಯ್ಲು ನವೆಂಬರ್‌ನಲ್ಲಿ ಶುರುವಾದರೆ ಫೆಬ್ರುವರಿ ದಾಟಿ ಹೋಗುತ್ತದೆ, ಆಗ ತೋಟದವರಿಗೆ ಪುರುಸೊತ್ತು ಇರುವುದಿಲ್ಲ. ಜೂನ್‌ನಿಂದ ಆಗಸ್ಟ್ ಜಡಿಮಳೆ, ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನನ್ನ ಆಯ್ಕೆ ಅಕ್ಟೋಬರ್‌ನ ಬೆಳಗ್ಗೆ. ಹಣ್ಣು ಬಿಡಿಸುವ ಶಾಟ್ ಬೇಕೇ ಬೇಕಾದರೆ ಅದೊಂದಕ್ಕೆ ಕೊಯ್ಲಿನಲ್ಲಿ ಒಂದು ಗಂಟೆ ಕೇಳಿಕೊಳ್ಳಿ. ಕೆಲಸದವರ ಮುಖ ಬರುವುದಾದರೆ ಅವರನ್ನೂ ಕೇಳಬೇಕು.

ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ತೋಟಗಳಲ್ಲೇ ಆನೆ ಇರುತ್ತದೆ. ಕತ್ತಲಲ್ಲಿ ಶೂಟ್ ಮಾಡಬೇಡಿ. ಹಗಲಲ್ಲೇ ರಾತ್ರಿ ಮಾಡಬಹುದು. ಮೋಡ ಮುಚ್ಚಿದ ದಿನ ಆರಿಸಿ, ಫ್ರೇಮಿನಲ್ಲಿ ಆಕಾಶ ಬರದಂತೆ ನೋಡಿಕೊಳ್ಳಿ, ಎಕ್ಸ್‌ಪೋಶರ್ (ಚಿತ್ರದ ಬೆಳಕು) ಇಳಿಸಿ. ಎಡಿಟಿಂಗ್‌ನಲ್ಲಿ ಬಣ್ಣ ತಗ್ಗಿಸಿ ಸ್ವಲ್ಪ ನೀಲಿ ಸೇರಿಸಿ. ಹೊರಡುವ ದಿನ ಬೆಳಗ್ಗೆ ಆನೆ ಎಲ್ಲಿದೆ ಅಂತ ತೋಟದವರಿಗೆ ಫೋನ್ ಮಾಡಿ ಕೇಳಿ. ಜಿಗಣೆಗೆ ಉಪ್ಪು, ಉದ್ದ ಸಾಕ್ಸ್.

ಹಂತ 7: ಸಾಮಾನು ಪರೀಕ್ಷೆ

ಮಂಜಿನಲ್ಲಿ ಮೊಬೈಲ್ ಫೋಕಸ್ ಹುಡುಕುತ್ತಾ ಒದ್ದಾಡುತ್ತದೆ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಮನೆಯೊಳಗೆ ಶೂಟ್ ಮಾಡುವಾಗ ಚಿತ್ರದಲ್ಲಿ ಪಟ್ಟೆಪಟ್ಟೆ ಮಿನುಗು ಬರುತ್ತದೆ ಅಲ್ವಾ? ನಮ್ಮ ಕರೆಂಟ್ 50 ಹರ್ಟ್ಸ್‌ನದು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಅದು ಹೋಗುತ್ತದೆ. ಇದಕ್ಕೆ ಮೊಬೈಲಿನ ಪ್ರೊ ಮೋಡ್, ಅಂದರೆ ಇವನ್ನೆಲ್ಲ ಕೈಯಿಂದಲೇ ಹೊಂದಿಸುವ ಕ್ಯಾಮೆರಾ ಆಯ್ಕೆ, ಬೇಕು.

ಬಣ್ಣದ ಹೊಗೆ ಡಬ್ಬಿ ತರಬೇಡಿ, ಕೆಮ್ಮು ಬರುತ್ತದೆ, ಹೊಗೆ ಹೋಳಿಯ ಹಾಗೇ ಕಾಣುತ್ತದೆ. ಫ್ಯಾನ್ಸಿ ಸ್ಟೋರ್‌ನ ನೈಲಾನ್ ವಿಗ್ ಲೈಟಿಗೆ ಮಿರಮಿರ ಹೊಳೆಯುತ್ತದೆ. ರಕ್ತ ಬೇಕೇ ಬೇಕು ಅಂದರೆ ಸಕ್ಕರೆ ಪಾಕಕ್ಕೆ ಕೆಂಪು ಫುಡ್ ಕಲರ್ ಹಾಕಿ, ಒಂದು ಹನಿ ಕಾಫಿ ಡಿಕಾಕ್ಷನ್ ಬೆರೆಸಿ. ಆಗ ಗುಲಾಬಿ ಛಾಯೆ ಹೋಗುತ್ತದೆ. ಬಟ್ಟೆಯ ಕಲೆ ಮಾತ್ರ ಹೋಗುವುದಿಲ್ಲ.

ಇನ್ನೊಂದು ವಿಷಯ. ಕೆಲವು ಎಡಿಟಿಂಗ್ ಆಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತದೆ. ಶೀರ್ಷಿಕೆಯನ್ನು ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ಉಳಿಸಿ ತನ್ನಿ. ಕೈಯಲ್ಲಿ ಬರೆದು ಫೋಟೊ ತೆಗೆದರೆ ಇನ್ನೂ ಚೆನ್ನ. ಎಡಿಟಿಂಗ್‌ಗೆ ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್ ಬಳಸಿ. ಉಚಿತ, ವಾಟರ್‌ಮಾರ್ಕ್ ಇಲ್ಲ.

ಹಂತ 8: ಫೋಟೊ ಟ್ರೈಲರ್

ಶೂಟಿಂಗ್‌ಗೆ ಒಂದು ವಾರ ಮುಂಚೆ ನಕ್ಷೆಯ ಪ್ರತಿ ಶಾಟ್‌ಗೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಕಾಲೇಜಿನ ಕಾರಿಡಾರ್‌ನಲ್ಲೇ ತೆಗೆದರೂ ಪರವಾಗಿಲ್ಲ. ಫೋಟೊಗಳನ್ನು ಅಷ್ಟಷ್ಟೇ ಸೆಕೆಂಡಿಗೆ ಜೋಡಿಸಿ, ನೀವು ಹಿಡಿದ ಸದ್ದು ಹಾಕಿ. ಕತೆ ಗೊತ್ತಿಲ್ಲದ ಇಬ್ಬರಿಗೆ ತೋರಿಸಿ. ‘ಭಯ ಆಯ್ತಾ’ ಅಂತ ಕೇಳಬೇಡಿ, ಸ್ನೇಹಕ್ಕೆ ಹೌದು ಅನ್ನುತ್ತಾರೆ. ‘ಮುಂದೆ ಏನಾಗುತ್ತೆ ಅನಿಸುತ್ತೆ?’ ಅಂತ ಕೇಳಿ. ಇಬ್ಬರೂ ಬೇರೆ ಬೇರೆ ಊಹೆ ಹೇಳಿದರೆ ನಕ್ಷೆ ಸರಿ ಇದೆ. ಏನೂ ಹೊಳೆಯಲಿಲ್ಲ ಅಂದರೆ 30ನೇ ಸೆಕೆಂಡಿನ ತಪ್ಪು ಸಾಕಷ್ಟು ಸ್ಪಷ್ಟ ಇಲ್ಲ. ನಿಮ್ಮ ಕತೆಯ ಕೊನೆಯನ್ನೇ ಹೇಳಿಬಿಟ್ಟರೆ ಗುಟ್ಟು ಎಲ್ಲೋ ಸೋರಿದೆ. ಆ ಶಾಟ್ ಹುಡುಕಿ ತೆಗೆದುಹಾಕಿ, ಬೇರೆ ಇಬ್ಬರಿಗೆ ತೋರಿಸಿ. ಆಮೇಲೆ ತೋಟದವರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.